ಬೂಷ್ಟು ಹಿಡಿದ ಮೆಣಸಿನಕಾಯಿ, ಬಿಗಿಯುತ್ತಿದ್ದ ಉಸಿರು

"ನನ್ನ ಅಂಗುಸ್ತಾನ ಯಾರೋ ಬದಲಾಯಿಸಿದಾರೆ."

ಪಕ್ಕದ ಮನೆಯ ಪಿರೊಶ್ಕಾ ಅಕ್ಕ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೀಗೆ ಹೇಳಿದಳು. ಹೊಲಿಯುವಾಗ ಸೂಜಿ ಚುಚ್ಚದಂತೆ ಬೆರಳ ತುದಿಗೆ ಹಾಕುವ ಪುಟ್ಟ ಲೋಹದ ಟೋಪಿಯನ್ನು ಅಂಗೈಯಲ್ಲಿಟ್ಟು ನನ್ನ ಮುಂದೆ ಚಾಚಿದಳು. ಆದರೆ ಅವಳ ಕಣ್ಣು ಇದ್ದದ್ದು ನನ್ನ ಮುಖದ ಮೇಲೆ.

"ಇದು ನಂದಲ್ಲ ಶಾರೊಲ್ತಾ. ಮದುವೆ ಆದಾಗಿಂದ ಹಾಕ್ಕೊಂಡಿರೋದು, ನಂಗೆ ಗೊತ್ತಾಗಲ್ವಾ? ಇದು ಬೆರಳಿಗೆ ಇಳಿಯೋದೇ ಇಲ್ಲ."

"ಬೆರಳು ಊದ್ಕೊಂಡಿರಬೇಕು ಅಕ್ಕ."

"ಊದಿದ್ರೆ ನೋಯಲ್ವಾ? ಒಂಚೂರೂ ನೋವಿಲ್ಲ. ಹೋದ ವಾರ ಕಸೂತಿಗೆ ಅಂತ ನಮ್ಮನೇಲಿ ಯಾರ್ಯಾರು ಕೂತಿದ್ರಿ ಅನ್ನೋದು ನಂಗೆ ಚೆನ್ನಾಗಿ ನೆನಪಿದೆ."

ಕೂತಿದ್ದವರಲ್ಲಿ ನಾನೂ ಒಬ್ಬಳು. ಒಳಗೆ ಹೋಗಿ ನನ್ನ ಅಂಗುಸ್ತಾನ ತಂದು ತೋರಿಸಿದೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ವಾಪಸ್ ಕೊಟ್ಟು ಹೊರಟಳು. ನಾನು ಕಿಟಕಿಯಿಂದ ನೋಡುತ್ತಾ ನಿಂತೆ. ನಮ್ಮ ಗೇಟಿಗೂ ಅವಳ ಗೇಟಿಗೂ ನಡುವೆ ಇರುವ ದಾರಿ ಒಂದು ಕೋಳಿ ಓಡಿ ದಾಟುವಷ್ಟು. ಅಷ್ಟರಲ್ಲೇ ಅವಳು ನಿಂತಳು. ಬೇಲಿಯ ಸೇವಂತಿಗೆ ನೋಡುವವಳಂತೆ ಬಗ್ಗಿ, ಬಾಯಿ ತೆರೆದು ಉಸಿರೆಳೆದುಕೊಂಡಳು. ಮತ್ತೆ ನಡೆದಳು, ಮತ್ತೆ ನಿಂತಳು. ಆ ಸೇವಂತಿಗೆಯನ್ನು ನೆಟ್ಟವಳೇ ಅವಳು. ಅದನ್ನು ಹಾಗೆ ನೋಡುವಂಥದ್ದು ಏನಿತ್ತು?

ಅದು ಅಕ್ಟೋಬರ್. ಡ್ಯಾನ್ಯೂಬ್ ನದಿಯ ಈ ದಂಡೆಯ ಊರುಗಳಲ್ಲಿ ಆಗ ಪ್ರತಿ ಮನೆಯ ಸೂರಿನಡಿ ಕೆಂಪು ಮೆಣಸಿನಕಾಯಿಯ ಮಾಲೆಗಳು ತೂಗುತ್ತವೆ. ಪುಡಿ ಸಿಹಿಯಾಗಿರಬೇಕು, ಖಾರ ಇರಬಾರದು ಎಂದರೆ ಒಂದೊಂದು ಕಾಯಿಯನ್ನೂ ಸೀಳಿ ಒಳಗಿನ ನರ ಕಿತ್ತು ತೆಗೆಯಬೇಕು. ಈಗ ಹೆಚ್ಚಿನವರು ಆ ಕೆಲಸ ಬಿಟ್ಟಿದ್ದಾರೆ. ಪಿರೊಶ್ಕಾ ಅಕ್ಕ ಬಿಟ್ಟಿಲ್ಲ. ಅವಳ ಗಂಡ ವೆಂಡೆಲ್ ಭಾವನ ತಾಯಿ ಉಳಿಸಿಕೊಂಡು ಬಂದ ಬೀಜ ಅದು. ಆ ಮನೆಯ ಪುಡಿ ಎಂದರೆ ಸುತ್ತಲ ಊರಿನವರು ಹುಡುಕಿಕೊಂಡು ಬರುತ್ತಾರೆ.

ಅಂಗಳದ ಆ ಬದಿ ಬೇಸಿಗೆಯ ಅಡುಗೆಗೆಂದೇ ಬೇರೆ ಕಟ್ಟಿದ ಅಡುಗೆಮನೆಯಲ್ಲಿ ಅವಳು ಬೆಳಗಿನಿಂದ ಕೂತು ಸೀಳುತ್ತಾಳೆ. ಮಂಜಿನ ತೇವ ಒಳಗೆ ಬರಬಾರದೆಂದು ಕಿಟಕಿ ಮುಚ್ಚಿರುತ್ತದೆ. ಕೆಲವು ಕಾಯಿ ಹೊರಗೆ ಕೆಂಪಗೆ ಮಿರಮಿರ ಮಿಂಚುತ್ತವೆ. ಸೀಳಿದರೆ ಒಳಗೆ ಬೀಜದ ಸುತ್ತ ಬೂದುಬಣ್ಣದ ಬೂಷ್ಟು. ಅಂಥ ಕಾಯಿಯನ್ನು ಅವಳು ಬಿಸಾಡುವುದಿಲ್ಲ. ತುಟಿಯ ಹತ್ತಿರ ತಂದು "ಉಫ್" ಎಂದು ಊದುತ್ತಾಳೆ. ಬೂಷ್ಟು ಹೊಗೆಯ ಹಾಗೆ ಎದ್ದು ಅವಳ ಮುಖವನ್ನೇ ಸುತ್ತಿಕೊಳ್ಳುತ್ತದೆ. ಆಮೇಲೆ ಬಟ್ಟೆಯಿಂದ ಒರೆಸಿ ಮನೆಖರ್ಚಿನ ಬುಟ್ಟಿಗೆ ಹಾಕುತ್ತಾಳೆ. ಅತ್ತೆ ಕಲಿಸಿದ್ದು ಹಾಗೆ. ಈ ದಂಡೆಯ ಹೆಂಗಸರೆಲ್ಲ ಊದಿದವರೇ.

ಕೆಮ್ಮಿದರೆ "ಘಾಟು" ಎನ್ನುತ್ತಾಳೆ. ಸಂಜೆ ಚಳಿಜ್ವರ ಬಂದರೆ ಪ್ಲಮ್ ಹಣ್ಣಿನ ಬ್ರಾಂದಿಗೆ ಚಿಟಿಕೆ ಮೆಣಸಿನಪುಡಿ ಹಾಕಿ ಕುಡಿಯುತ್ತಾಳೆ. "ಮೆಣಸಿನಕಾಯಿ ಹುಳಾನೇ ಸಾಯಿಸುತ್ತೆ ಕಣೇ, ನಂಗೇನು ಮಾಡುತ್ತೆ?" ಎಂದು ನಗುತ್ತಾಳೆ. ನಕ್ಕರೆ ಮತ್ತೆ ಕೆಮ್ಮು.

ಸಗಟು ವ್ಯಾಪಾರಿ ಬಂದು ಈ ವರ್ಷದ ಕಾಯಿ ನೋಡಿಹೋದ ಮರುದಿನವೇ ಊರಿನ ನರ್ಸ್ ಎಮೋಕೆ ಬಂದಳು. ಹೊಸಬಳು, ಈ ಊರಿಗೆ ಬಂದು ವರ್ಷ ಕೂಡ ಆಗಿರಲಿಲ್ಲ. ಫ್ಲೂ ಚುಚ್ಚುಮದ್ದು ಯಾರಿಗೆ ಬೇಕು ಎಂದು ಮನೆಮನೆಗೆ ಕೇಳುತ್ತಿದ್ದಳು. ನಾನು ಆಗ ಅಕ್ಕನ ಅಂಗಳದಲ್ಲೇ ಇದ್ದೆ. ಅಂಗುಸ್ತಾನದ ವಿಷಯ ಮುಗಿಸೋಣವೆಂದು ಬಾದಾಮಿ ಬಿಸ್ಕತ್ತು ಹಿಡಿದು ಹೋಗಿದ್ದೆ. ಎಮೋಕೆಯ ಕಣ್ಣು ನೇರ ಸೂರಿನಡಿಯ ಮಾಲೆಗಳಿಗೆ ಹೋದದ್ದು ನನಗೆ ಕಂಡಿತು. ವೆಂಡೆಲ್ ಭಾವನಿಗೂ ಕಂಡಿತು.

"ಚುಚ್ಚುಮದ್ದು ಕೊಡೋರಿಗೆ ಮೆಣಸಿನಕಾಯಿ ಮೇಲೆ ಯಾಕೆ ಕಣ್ಣು ನರ್ಸಮ್ಮ? ಯಾರು ಕಳಿಸಿದ್ದು ನಿಮ್ಮನ್ನ?" ಎಂದ.

"ಯಾರೂ ಕಳಿಸಿಲ್ಲ ದೊಡ್ಡಪ್ಪ. ದೊಡ್ಡಮ್ಮನ ಕೆಮ್ಮು ರಸ್ತೆಗೇ ಕೇಳಿಸ್ತು."

"ಕೆಮ್ಮು ಅವಳದು, ಗಂಟಲು ಅವಳದು. ರಸ್ತೇಲಿ ಹೋಗೋರಿಗೇನು ಕಷ್ಟ?"

ಎಮೋಕೆ ಅಕ್ಕನ ಕೈ ನೋಡುತ್ತಿದ್ದಳು. "ದೊಡ್ಡಮ್ಮ, ಎರಡೂ ಕೈಯ ಒಂದೇ ಬೆರಳನ್ನ, ಉಗುರಿಗೆ ಉಗುರು ತಾಗೋ ಹಾಗೆ ಬೆನ್ನು ಸೇರಿಸಿ ಹಿಡೀರಿ" ಎಂದು ತಾನೇ ಮಾಡಿ ತೋರಿಸಿದಳು. ಅವಳ ಎರಡು ಉಗುರುಗಳ ಬುಡದಲ್ಲಿ ಒಂದು ಸಣ್ಣ ಕಿಂಡಿ ಕಾಣಿಸಿತು, ಅದರಿಂದ ಬೆಳಕು ಬರುತ್ತಿತ್ತು. ನಾನೂ ಹಿಡಿದೆ, ಕಿಂಡಿ ಇತ್ತು. ವೆಂಡೆಲ್ ಭಾವ ಬೇಡವೆಂದುಕೊಂಡೇ ಬೆನ್ನ ಹಿಂದೆ ಹಿಡಿದು, ಆಮೇಲೆ ಮುಂದೆ ತಂದು ನೋಡಿದ. ಅವನಿಗೂ ಇತ್ತು. ಅಕ್ಕನ ಬೆರಳಲ್ಲಿ ಕಿಂಡಿಯೇ ಇರಲಿಲ್ಲ. ತುದಿಗಳು ದುಂಡಗೆ ದಪ್ಪಗಾಗಿ, ಉಗುರು ಉಬ್ಬಿ ಒಂದಕ್ಕೊಂದು ಅಂಟಿಕೊಂಡಿದ್ದವು.

"ಅಂಗುಸ್ತಾನ ಬದಲಾಗಿಲ್ಲ ಅಕ್ಕ. ಬದಲಾಗಿರೋದು ಬೆರಳು" ಎಂದೆ.

ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. ಎಮೋಕೆ ಹೇಳಿದಳು, "ಶ್ವಾಸಕೋಶದಲ್ಲಿ ತುಂಬ ದಿನದಿಂದ ತೊಂದರೆ ಇದ್ರೆ ಕೆಲವರಿಗೆ ಬೆರಳ ತುದಿ ಹೀಗಾಗುತ್ತೆ. ಬೇರೆ ಕಾರಣಾನೂ ಇರಬಹುದು. ಪಟ್ಟಣಕ್ಕೆ ಹೋಗಿ ಎದೆ ತೋರಿಸ್ಕೊಂಡು ಬನ್ನಿ. ಅಲ್ಲೀವರೆಗೂ ಬೂಷ್ಟು ಹಿಡಿದ ಕಾಯಿ ಮಾತ್ರ ಮುಟ್ಟಬೇಡಿ."

ಬೂಷ್ಟು ಎಂಬ ಮಾತು ಬಂದದ್ದೇ ತಡ, ವೆಂಡೆಲ್ ಭಾವ ಗೇಟು ತೆರೆದು ಹಿಡಿದ.

"ಅಲ್ಲಿಗೆ ಬಂತು ನೋಡು ಮಾತು! ನಮ್ಮ ಕಾಯೀಲಿ ಬೂಷ್ಟಿದೆ ಅಂತ ಊರೆಲ್ಲ ಹಬ್ಬಿಸೋದು, ಆಮೇಲೆ ಆ ವ್ಯಾಪಾರಿ ಬಂದು ಕಸದ ಬೆಲೆಗೆ ಎತ್ಕೊಂಡು ಹೋಗೋದು. ನಮ್ಮಮ್ಮನ ಬೀಜ ಇದು. ನಡೀರಿ ನರ್ಸಮ್ಮ, ಒಳ್ಳೇ ಮಾತಲ್ಲಿ ಹೇಳ್ತಿದೀನಿ."

ನಿಜ ಹೇಳಬೇಕೆಂದರೆ ನನಗೂ ಅನುಮಾನ ಬಂತು. ವ್ಯಾಪಾರಿ ಬಂದ ಮರುದಿನವೇ ಯಾಕೆ ಬಂದಳು? ಮೊದಲು ಮೇಲೆ ನೋಡಿದ್ದು ಯಾಕೆ? ಅವಳ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದೆ.

ನವೆಂಬರ್ ಮೊದಲಲ್ಲಿ ಹಿರಿಯರ ಸಮಾಧಿಗೆ ದೀಪ ಹಚ್ಚುವ ಹಬ್ಬ. ಪಿರೊಶ್ಕಾ ಅಕ್ಕ ತವರೂರಿಗೆ ಹೋಗಿ ತಂಗಿಯ ಮನೆಯಲ್ಲಿ ಕೆಲವು ದಿನ ಉಳಿದುಕೊಂಡಳು. ವಾಪಸ್ ಬಂದಾಗ ಮುಖದಲ್ಲಿ ಕಳೆ ಇತ್ತು. ಜ್ವರ ಇರಲಿಲ್ಲ, ಕೆಮ್ಮು ಅರ್ಧಕ್ಕೆ ಇಳಿದಿತ್ತು.

"ನೋಡಿದ್ಯಾ? ಕಾಯಿಲೆ ಅಂತೆ ಕಾಯಿಲೆ! ತಂಗಿ ಮನೆ ಕೋಳಿ ಸಾರು ಕುಡಿದು ಸರಿಹೋದ್ಲು" ಎಂದು ವೆಂಡೆಲ್ ಭಾವ ಬೇಲಿಯಾಚೆಯಿಂದ ನನ್ನನ್ನು ಕೆಣಕಿದ.

ಮರುದಿನ ಅವಳು ಉಳಿದ ಮಾಲೆಗಳನ್ನು ಇಳಿಸಿ ಸೀಳಲು ಕೂತಳು. ಆ ವರ್ಷ ಕೊನೆಯ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದಿತ್ತು, ಅದರಲ್ಲಿ ಬೂಷ್ಟು ಹೆಚ್ಚು. ಕಿಟಕಿಯ ಗಾಜಿನ ಆಚೆ ಅವಳು ಊದುವುದು, ಒರೆಸುವುದು, ಊದುವುದು ಕಾಣುತ್ತಿತ್ತು. ಸಂಜೆ ಹಾಲು ಕೊಡಲು ಹೋದರೆ ಅವಳು ಎರಡು ಕಂಬಳಿ ಹೊದ್ದು ಹಲ್ಲು ಕಟಕಟ ಎನ್ನಿಸುತ್ತಾ ಒಲೆಯ ಪಕ್ಕ ಮುದುಡಿದ್ದಳು. ಒಂದು ವಾಕ್ಯ ಹೇಳಲು ನಡುವೆ ಉಸಿರು ತೆಗೆದುಕೊಳ್ಳಬೇಕಿತ್ತು.

ಆಗ ನನ್ನ ಅನುಮಾನ ನರ್ಸನ್ನು ಬಿಟ್ಟು ಆ ಅಡುಗೆಮನೆಯ ಕಡೆ ತಿರುಗಿತು. ತಂಗಿಯ ಮನೆಯಲ್ಲಿ ಜ್ವರ ಇರಲಿಲ್ಲ, ಇಲ್ಲಿ ಬಂದು ಸೀಳಿದ ಸಂಜೆಗೇ ಬಂತು. ಹೋದ ವರ್ಷವೂ ಹೀಗೇ ಅಲ್ಲವೇ? ಅದರ ಹಿಂದಿನ ವರ್ಷ? ಚಳಿಗಾಲದಲ್ಲಿ ಕೆಲಸ ಮುಗಿದ ಮೇಲೆ ಆರಾಮಾಗುತ್ತಿದ್ದಳು. ಆದರೆ ಪ್ರತಿ ವಸಂತಕ್ಕೂ ಅವಳ ಉಸಿರು ಹಿಂದಿನ ವಸಂತಕ್ಕಿಂತ ಚಿಕ್ಕದಾಗಿರುತ್ತಿತ್ತು.

ಮರುದಿನ ಬೆಳಿಗ್ಗೆ ನಾನೇ ಎಮೋಕೆಗೆ ಫೋನ್ ಮಾಡಿದೆ. ಅವಳು ಬಂದಾಗ ಅಕ್ಕ ಹಾಸಿಗೆಯಿಂದಲೇ ನನ್ನ ಕಡೆ ಬೆರಳು ತೋರಿಸಿ, "ಚಾಡಿ ಹೇಳಿದ್ಯಾ? ಹಾಲು ಕೊಡೋ ನೆಪದಲ್ಲಿ ಬೇಹುಗಾರಿಕೆ ಮಾಡ್ತಿದ್ಯಾ?" ಎಂದಳು. ಆ ಮಾತು ಚುಚ್ಚಿತು. ಆದರೂ ನಾನು ಅಲ್ಲಿಂದ ಕದಲಲಿಲ್ಲ.

ಎಮೋಕೆ ಅಕ್ಕನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು, "ದೀರ್ಘವಾಗಿ ಉಸಿರು ತಗೊಳ್ಳಿ" ಎಂದಳು. ಎಡಕ್ಕೆ ಕೇಳಿದಳು, ಬಲಕ್ಕೆ ಕೇಳಿದಳು, ಮತ್ತೆ ಎಡಕ್ಕೆ.

"ಏನೋ ಕೇಳಿಸ್ತು ಅಂತಾಳೆ ಈಗ. ನಮಗೇನು ಗೊತ್ತಾಗುತ್ತೆ? ಕೊಳವೆಯ ಆ ತುದಿ ಅವಳ ಕಿವೀಲಿರುತ್ತೆ" ಎಂದು ವೆಂಡೆಲ್ ಭಾವ ಗೊಣಗಿದ.

ಎಮೋಕೆ ಸ್ಟೆತಾಸ್ಕೋಪ್ ಕಿವಿಯಿಂದ ತೆಗೆದು ಅವನ ಕೈಗೆ ಕೊಟ್ಟಳು. "ಹಾಗಾದ್ರೆ ನೀವೇ ಕೇಳಿ ದೊಡ್ಡಪ್ಪ."

"ಏನು?"

"ನನ್ನ ಮಾತು ನಂಬಬೇಡಿ. ನಿಮ್ಮ ಕಿವೀಲಿ ನೀವೇ ಕೇಳಿ."

ಅವನು ಉಪಾಯವಿಲ್ಲದೆ ಹಾಕಿಕೊಂಡ. ಎಮೋಕೆ ಇನ್ನೊಂದು ತುದಿಯನ್ನು ಅಕ್ಕನ ಬೆನ್ನಿನ ಕೆಳಭಾಗದಲ್ಲಿ ಇಟ್ಟಳು. ಅಕ್ಕ ಉಸಿರೆಳೆದಳು. ವೆಂಡೆಲ್ ಭಾವನ ಹುಬ್ಬು ಗಂಟಾಯಿತು.

"ಇದೇನಿದು, ಬೂಟು ಹಾಕ್ಕೊಂಡು ಗಟ್ಟಿ ಹಿಮದ ಮೇಲೆ ನಡೆದಂಗೆ ಕೇಳಿಸ್ತಿದೆ... ಕರಕರ, ಕರಕರ. ಇದು ನಿಮ್ಮ ಕೊಳವೆ ಸದ್ದು. ಕೆಟ್ಟುಹೋಗಿದೆ ಇದು."

"ಹಾಗಾದ್ರೆ ನಿಮ್ಮ ಎದೆ ಮೇಲೇ ಇಟ್ಟು ನೋಡಿ."

ಅವನು ಅಂಗಿಯೊಳಗೆ ಕೈಹಾಕಿ ತನ್ನ ಪಕ್ಕೆಗೆ ಇಟ್ಟುಕೊಂಡ. ಕೇಳಿದ. ನನ್ನ ಕಡೆ ತಿರುಗಿ, "ನೀನು ಬಾ ಇಲ್ಲಿ" ಎಂದ. ನನ್ನ ಬೆನ್ನಿಗೂ ಇಟ್ಟು ಕೇಳಿದ. ಕೊನೆಗೆ ಅನುಮಾನದಿಂದಲೇ ಎಮೋಕೆಯ ಬೆನ್ನಿಗೂ ಇಟ್ಟ. ಮತ್ತೆ ಹೆಂಡತಿಯ ಬೆನ್ನಿಗೆ ಬಂದ. ಆ ಕಡೆಯಿಂದ ಈ ಕಡೆಗೆ, ಕೆಳಗಿಂದ ಮೇಲಕ್ಕೆ ಸರಿಸುತ್ತಾ ಬಹಳ ಹೊತ್ತು ಕೇಳಿದ.

"ಏನ್ರೀ ಕೇಳಿಸ್ತಿದೆ?" ಅಕ್ಕ ಹಿಂತಿರುಗಿ ನೋಡದೆ ಕೇಳಿದಳು.

ವೆಂಡೆಲ್ ಭಾವ ಸ್ಟೆತಾಸ್ಕೋಪನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. "ಇವಳದ್ದು ಮಾತ್ರ" ಎಂದ, ಎಮೋಕೆಗೆ. "ಇವಳೊಬ್ಬಳದ್ದೇ ಹಾಗೆ."

ಆಮೇಲೆ ಕುರ್ಚಿಗೆ ಕುಸಿದು ಕೂತ. "ಒಳಗೆ ಏನಾಗ್ತಿದೆ? ನಮಗೆ ಅರ್ಥ ಆಗೋ ಹಾಗೆ ಹೇಳಿ."

ಎಮೋಕೆ ಸುತ್ತ ನೋಡಿದಳು. ಅವಳ ಕಣ್ಣು ಅವನ ಕಾಲಿನ ಮೇಲೆ ನಿಂತಿತು. "ದೊಡ್ಡಪ್ಪ, ಆ ಕಾಲುಚೀಲ ಬಿಚ್ಚಿ ಕೊಡಿ."

"ಕಾಲುಚೀಲಾನಾ? ಇವಳಿಗೆ ಪೂರ್ತಿ ತಲೆ ಕೆಟ್ಟಿದೆ!"

"ಕೊಡ್ರೀ. ನಿನ್ನೆ ತಾನೇ ಒಗೆದಿದೀನಿ" ಎಂದಳು ಅಕ್ಕ. ಬಿಚ್ಚಿ ಕೊಟ್ಟ. ಹಿಮ್ಮಡಿಯ ಜಾಗವನ್ನು ಅಕ್ಕ ಎಷ್ಟು ಸಲ ಹೊಲಿದಿದ್ದಳೋ, ಅದು ಬೇರೆ ಬಣ್ಣದ ಬಿಲ್ಲೆಯಂತೆ ಆಗಿತ್ತು. ಎಮೋಕೆ ಕಾಲುಚೀಲವನ್ನು ಎಳೆದಳು. ಮೇಲುಭಾಗ ಹಿಗ್ಗಿತು. ಹಿಮ್ಮಡಿ ಹಿಗ್ಗಲಿಲ್ಲ.

"ಶ್ವಾಸಕೋಶದ ಒಳಗೆ ಪುಟ್ಟ ಪುಟ್ಟ ಗಾಳಿಚೀಲ ಇರ್ತವೆ. ಗೋಡೆ ಈರುಳ್ಳಿ ಪೊರೆಗಿಂತ ತೆಳು. ಬೂಷ್ಟಿನ ಧೂಳು ಅಲ್ಲೀವರೆಗೂ ಹೋದ್ರೆ ಕೆಲವರ ಮೈ ಅದನ್ನ ಶತ್ರು ಅಂದ್ಕೊಂಡು ಜಗಳಕ್ಕೆ ಬೀಳುತ್ತೆ. ಸಂಜೆ ಬರೋ ಚಳಿಜ್ವರ ಆ ಜಗಳದ್ದು. ಇದು ಒಬ್ಬರಿಂದ ಒಬ್ಬರಿಗೆ ಅಂಟೋ ಕಾಯಿಲೆ ಅಲ್ಲ. ಆದ್ರೆ ಜಗಳದಲ್ಲಿ ಆ ತೆಳು ಗೋಡೆಗೆ ಗಾಯ ಆಗುತ್ತೆ. ಗಾಯ ಆದ ಕಡೆ ಹೊಲಿಗೆ ಹಾಕೋ ಜೀವಕೋಶಗಳು ನಮ್ಮ ಮೈಯಲ್ಲೇ ಇವೆ. ಬಂದು ನಾರು ಹಾಕಿ ಮುಚ್ಚುತ್ತವೆ."

"ಒಳ್ಳೇದೇ ಆಯ್ತಲ್ಲ?"

"ಒಂದೆರಡು ಸಲ ಆದ್ರೆ ಒಳ್ಳೇದೇ. ಕೆಲಸ ಮುಗೀತು ಹೋಗಿ ಅಂತ ಮೈ ಅವನ್ನ ವಾಪಸ್ ಕಳಿಸುತ್ತೆ. ದಿನಾ ಗಾಯ ಆದ್ರೆ? 'ಹೊಲಿ, ಹೊಲಿ' ಅನ್ನೋ ಸಂದೇಶ ನಿಲ್ಲೋದೇ ಇಲ್ಲ. ಹೊಲಿಯೋ ಕೋಶಗಳು ಅಲ್ಲೇ ಠಿಕಾಣಿ ಹೂಡಿ, ಬಲ ಬೆಳೆಸ್ಕೊಂಡು ನಾರನ್ನ ಎಳೆದೆಳೆದು ಬಿಗೀತವೆ. ಈ ಹಿಮ್ಮಡಿ ಥರ ಆ ಜಾಗ ಹಿಗ್ಗೋದೇ ಇಲ್ಲ, ಉಸಿರು ಸಾಲಲ್ಲ. ಇನ್ನೊಂದು ಕೆಟ್ಟದ್ದಿದೆ. ಜಾಗ ಗಟ್ಟಿ ಆದಷ್ಟೂ ಆ ಗಟ್ಟಿತನವೇ ಅವಕ್ಕೆ 'ಇನ್ನೂ ಹೊಲಿ' ಅಂತ ಹೇಳುತ್ತೆ. ಒಂದು ಹಂತ ದಾಟಿದ್ರೆ ಧೂಳು ನಿಂತ್ರೂ ಕೆಲವರಲ್ಲಿ ಹೊಲಿಗೆ ನಿಲ್ಲಲ್ಲ. ಅದಕ್ಕೇ ನಂಗೆ ಅವಸರ. ಇದನ್ನ ಫೈಬ್ರೋಸಿಸ್ ಅಂತಾರೆ, ಅಂದ್ರೆ ನಾರುಗಟ್ಟೋದು."

"ನಾನೂ ಅದೇ ಮನೇಲಿ ಇರ್ತೀನಲ್ಲ, ನಂಗ್ಯಾಕಿಲ್ಲ?" ಎಂದು ವೆಂಡೆಲ್ ಭಾವ ಕೇಳಿದ. ಅವನ ದನಿಯಲ್ಲಿ ಜಗಳ ಇರಲಿಲ್ಲ.

"ಎಲ್ಲರ ಮೈಯೂ ಅಷ್ಟು ಜಗಳಗಂಟಿ ಅಲ್ಲ. ಮತ್ತೆ ನೀವು ಊದ್ತಾ ಕೂರಲ್ಲ. ಆದ್ರೆ ನಿಮ್ಮ ಪಕ್ಕದಲ್ಲಿರೋ ಆ ಬ್ರಾಂದಿ ಬಾಟ್ಲಿ ನೋಡಿದ್ರೆ ನಿಮ್ಮ ಲಿವರ್ ಬಗ್ಗೆ ನಂಗೆ ಚಿಂತೆ. ಅಲ್ಲೂ ಇದೇ ಕಥೆ ನಡೆಯೋದು. ಬೇರೆ ಗಾಯ, ಅದೇ ಹೊಲಿಗೆ."

"ನನ್ನ ತಂಟೆಗೆ ಯಾಕೆ ಬರ್ತೀರಿ?" ಎಂದ. ಆದರೆ ಬಾಟಲಿಯನ್ನು ಕಪಾಟಿನೊಳಗೆ ಸರಿಸಿದ. ಅಕ್ಕ ಅಷ್ಟು ಸಂಕಟದಲ್ಲೂ ಮುಸಿಮುಸಿ ನಕ್ಕಳು.

ಪಟ್ಟಣದ ಆಸ್ಪತ್ರೆಗೆ ಮೂವರೂ ಹೋದೆವು. ಎದೆಯ ಸ್ಕ್ಯಾನ್ ಮಾಡಿದರು, ಕೊಳವೆಗೆ ಊದಿಸಿ ಉಸಿರಿನ ಬಲ ಅಳೆದರು, ರಕ್ತ ತೆಗೆದರು, ಏನು ಕೆಲಸ ಮಾಡುತ್ತೀರಿ ಎಂದು ಬಿಡಿಸಿ ಬಿಡಿಸಿ ಕೇಳಿದರು. ಎಮೋಕೆಯ ಅಂದಾಜು ಸರಿಯಾಗಿತ್ತು. ಶ್ವಾಸಕೋಶದ ಒಂದು ಭಾಗ ಆಗಲೇ ನಾರುಗಟ್ಟಿತ್ತು. ಇನ್ನೊಂದು ಭಾಗದಲ್ಲಿ ಇನ್ನೂ ಜಗಳವೇ ನಡೆಯುತ್ತಿತ್ತು, ನಾರು ಕೂತಿರಲಿಲ್ಲ.

"ನಾರುಗಟ್ಟಿದ್ದನ್ನ ಮೊದಲಿನ ಹಾಗೆ ಮಾಡೋ ಔಷಧಿ ಇವತ್ತಿಗೂ ಇಲ್ಲ. ಉಳಿದಿದ್ದನ್ನ ಕಾಪಾಡಬಹುದು" ಎಂದರು ಶ್ವಾಸಕೋಶದ ಡಾಕ್ಟರು. "ಮೊದಲನೇ ಔಷಧಿ, ಬೂಷ್ಟಿನಿಂದ ದೂರ ಇರೋದು. ಅದಿಲ್ಲದೆ ಬೇರೆ ಏನು ಕೊಟ್ರೂ ದಂಡ. ಜಗಳ ತಣ್ಣಗಾಗೋಕೆ ಸ್ವಲ್ಪ ಕಾಲ ಸ್ಟೆರಾಯ್ಡ್ ಮಾತ್ರೆ ಕೊಡ್ತೀನಿ, ನೀವಾಗೇ ನಿಲ್ಲಿಸಬಾರದು. ಆಮೇಲೂ ನಾರು ಹೆಚ್ಚುತ್ತಾ ಹೋದ್ರೆ, ಹೊಲಿಗೆಯ ಸಂದೇಶಾನ ತಡೆದು ಅದನ್ನ ನಿಧಾನ ಮಾಡೋ ಮಾತ್ರೆ ಇದೆ."

"ವಾಸಿ ಮಾಡಲ್ಲ, ನಿಧಾನ ಮಾಡುತ್ತೆ. ಮತ್ತೆ ಅದ್ಯಾತಕ್ಕೆ? ಮಾತ್ರೆ ಮಾರೋರಿಗೆ ಲಾಭ ಆಗ್ಲಿ ಅಂತಾನಾ?" ಎಂದು ಅಕ್ಕ ತಟ್ಟನೆ ಕೇಳಿದಳು.

ಡಾಕ್ಟರು ಸಿಟ್ಟಾಗಲಿಲ್ಲ. "ಕೇಳಬೇಕಾದ ಪ್ರಶ್ನೆಯೇ. ಆ ಮಾತ್ರೆಯಿಂದ ಹೊಟ್ಟೆ ಕೆಡಬಹುದು, ಲಿವರ್ ಮೇಲೆ ಕಣ್ಣಿಡಬೇಕು. ಅದಕ್ಕೇ ಈಗಲೇ ಕೊಡ್ತಿಲ್ಲ. ಆದ್ರೆ ಅಗತ್ಯ ಬಿದ್ದಾಗ, ಉಸಿರು ಬೇಗ ಕುಸಿಯೋದಕ್ಕೂ ನಿಧಾನಕ್ಕೆ ಇಳಿಯೋದಕ್ಕೂ ತುಂಬ ವ್ಯತ್ಯಾಸ ಇದೆ ಅಮ್ಮ. ಉಸಿರಾಟದ ವ್ಯಾಯಾಮ, ಫ್ಲೂ ಚುಚ್ಚುಮದ್ದು, ಬೇಕಾದ್ರೆ ಆಮ್ಲಜನಕ, ಇವೂ ಚಿಕಿತ್ಸೆಯೇ. ತೀರಾ ಕೈಮೀರಿದ ಕೆಲವರಿಗೆ ಶ್ವಾಸಕೋಶ ಕಸಿ ಮಾಡ್ತಾರೆ. ಹೊಸ ಔಷಧಿಗಳ ಸಂಶೋಧನೆ ನಡೀತಿದೆ. ಸಿಕ್ಕಿತು ಅಂತ ನಾನು ಸುಳ್ಳು ಹೇಳಲ್ಲ."

ವೆಂಡೆಲ್ ಭಾವ ಕೋಟಿನ ಜೇಬಿನಿಂದ ಒಂದು ಪುಟ್ಟ ಸೀಸೆ ತೆಗೆದು ಮೇಜಿನ ಮೇಲಿಟ್ಟ. ಸಂತೆಯಲ್ಲಿ ಕೊಂಡದ್ದು. ಶ್ವಾಸಕೋಶದ ಗಾಯವನ್ನು ಕರಗಿಸುತ್ತದೆ ಎಂದು ಅದರ ಮೇಲೆ ಅಚ್ಚಾಗಿತ್ತು.

"ನೀವು ಕರಗಲ್ಲ ಅಂತೀರಿ, ಇದು ಕರಗುತ್ತೆ ಅನ್ನುತ್ತೆ" ಎಂದ.

"ಯಾರ ಮೇಲೆ ನಿಮಗೆ ಅನುಮಾನ ಬರಬೇಕು, ನೀವೇ ಹೇಳಿ" ಎಂದರು ಡಾಕ್ಟರು. ಹೊರಗೆ ಬಂದ ಮೇಲೆ ಅವನು ಆ ಸೀಸೆಯನ್ನು ಕಸದ ಡಬ್ಬಿಗೆ ಹಾಕಿದ.

ಮನೆಗೆ ಬಂದರೂ ಅಕ್ಕ ಒಪ್ಪಿದ್ದಳೆಂದು ನನಗೆ ನಂಬಿಕೆ ಇರಲಿಲ್ಲ. ಮಾಲೆಗಳು ಇನ್ನೂ ತೂಗುತ್ತಿದ್ದವು. ಕೆಲಸ ಅರ್ಧಕ್ಕೆ ಬಿಟ್ಟು ಅವಳಿಗೆ ಅಭ್ಯಾಸವಿಲ್ಲ. ನಾನು ದಿನವೂ ಕಿಟಕಿಯಿಂದ ಆ ಅಡುಗೆಮನೆಯ ಚಿಮಣಿ ನೋಡುತ್ತಿದ್ದೆ. ಹೊಗೆ ಬರಲಿಲ್ಲ. ಒಂದು ಬೆಳಿಗ್ಗೆ ಕಂಡದ್ದು ವೆಂಡೆಲ್ ಭಾವ. ಮೂಗು ಬಾಯಿಗೆ ಆಸ್ಪತ್ರೆಯವರು ಹೇಳಿದ ದಪ್ಪ ಮಾಸ್ಕ್ ಬಿಗಿದು, ಮಾಲೆಗಳನ್ನು ನೀರು ಚಿಮುಕಿಸಿ ಒದ್ದೆ ಮಾಡಿ ಚೀಲಕ್ಕೆ ತುಂಬುತ್ತಿದ್ದ. ಅಕ್ಕ ದೂರದಲ್ಲಿ, ಮನೆಯ ಬಾಗಿಲಲ್ಲಿ ನಿಂತು ಅಪ್ಪಣೆ ಕೊಡುತ್ತಿದ್ದಳು.

"ಆ ಕಡೆ ಮಾಲೆ ಚೆನ್ನಾಗಿದೆ ಕಣ್ರೀ..."

"ಒಳಗೆ ಏನಿದೆ ಅಂತ ನಿಂಗೇನು ಗೊತ್ತು? ಒಳಗೆ ಹೋಗು, ಗಾಳಿ ಈ ಕಡೆಯಿಂದ ಬೀಸ್ತಿದೆ" ಎಂದು ಅವನು ಗದರಿದ. ತಾಯಿಯ ಬೀಜದ ಕಾಯಿಯನ್ನೆಲ್ಲ ಹೂತುಬಿಟ್ಟ. ಬೀಜಕ್ಕೆಂದು ಚೊಕ್ಕವಾಗಿ ಒಣಗಿದ್ದನ್ನು ಮಾತ್ರ ಅಕ್ಕನ ತಂಗಿಯ ಮನೆಗೆ ಕಳಿಸಿದ. ಮುಂದಿನ ವರ್ಷದಿಂದ ಕಾಯಿ ಯಂತ್ರದ ಒಣಗುಮನೆಗೆ ಹೋಗುತ್ತದೆ, ಮನೆಯಲ್ಲಿ ಸೀಳುವುದಿಲ್ಲ ಎಂದು ಇಬ್ಬರೂ ತೀರ್ಮಾನ ಮಾಡಿದರು.

ಆಮೇಲಿನ ಭಾನುವಾರ ಪೂಜೆ ಮುಗಿದ ಮೇಲೆ ಎಮೋಕೆ ಇಗರ್ಜಿಯ ಪಕ್ಕದ ಕೋಣೆಯಲ್ಲಿ ಸ್ಟೆತಾಸ್ಕೋಪ್ ಹಿಡಿದು ಕೂತಳು. ಹೆಂಗಸರು ಬಾಗಿಲ ಬಳಿ ಗುಂಪಾಗಿ ನಿಂತು ಪಿಸುಗುಟ್ಟುತ್ತಿದ್ದರು. ಯಾರೂ ಮೊದಲು ಹೋಗಲಿಲ್ಲ. ಒಳಗೆ ಹೋದವಳ ಮನೆಯ ಕಾಯಿಯಲ್ಲಿ ಬೂಷ್ಟಿದೆ ಎಂದು ಮರುದಿನ ಊರು ಆಡಿಕೊಳ್ಳುತ್ತದೆ ಎಂಬ ಭಯ.

ಪಿರೊಶ್ಕಾ ಅಕ್ಕ ಗುಂಪಿನ ನಡುವೆ ಬಂದಳು. ನಡೆದ ದಣಿವಿಗೆ ಗೋಡೆ ಹಿಡಿದು ನಿಂತು, ಉಸಿರು ಸಿಕ್ಕಿದ ಮೇಲೆ ಹೇಳಿದಳು:

"ನಮ್ಮನೆ ಕಾಯೀಲಿ ಬೂಷ್ಟಿತ್ತು. ನಾನು ಊದ್ತಿದ್ದೆ. ನೀವೂ ಊದಿದೀರಿ, ನಂಗೆ ಗೊತ್ತು. ನನ್ನ ಎದೇಲಿ ಹೋಗಿದ್ದು ಹೋಯ್ತು, ಅದು ವಾಪಸ್ ಬರಲ್ಲ. ನಿಮ್ಮದು ಇನ್ನೂ ಇದೆಯೋ ಇಲ್ವೋ ಅಂತ ಕೇಳಿಸ್ಕೊಂಡು ಬನ್ನಿ, ಹೋಗ್ರೇ."

ಮೊದಲು ಒಬ್ಬಳು ಒಳಗೆ ಹೋದಳು. ಆಮೇಲೆ ಇನ್ನೊಬ್ಬಳು. ನಾನೂ ಹೋದೆ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನೀವು ಮೆಣಸಿನಕಾಯಿ ಸೀಳದೇ ಇರಬಹುದು. ಆದರೆ ಬೂಷ್ಟು ಹಿಡಿದ ಹುಲ್ಲು ಕೊಡವುತ್ತೀರಾ? ಪಾರಿವಾಳದ ಗೂಡು ಗುಡಿಸುತ್ತೀರಾ? ಕೊಳೆತ ಕಾಳು ಕೇರುತ್ತೀರಾ, ಕಲ್ಲು ಕೊರೆಯುತ್ತೀರಾ? ಒಣಕೆಮ್ಮು ವಾರಗಟ್ಟಲೆ ಬಿಡದಿದ್ದರೆ, ಕೆಲಸ ಮಾಡಿದ ದಿನ ಸಂಜೆ ಜ್ವರ ಬಂದು ಊರು ಬಿಟ್ಟಾಗ ಹೋಗುತ್ತಿದ್ದರೆ, ಹತ್ತುತ್ತಿದ್ದ ಮೆಟ್ಟಿಲು ಈಗ ಉದ್ದವಾದಂತೆ ಅನಿಸಿದರೆ, ಅದನ್ನು ಘಾಟು, ವಯಸ್ಸು ಎಂದು ತಳ್ಳಿಹಾಕಬೇಡಿ. ಎದೆ ತೋರಿಸಿ, ಏನು ಕೆಲಸ ಮಾಡುತ್ತೀರಿ ಎಂಬುದನ್ನು ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಬೂಷ್ಟು ಹಿಡಿದದ್ದನ್ನು ಊದಬೇಡಿ, ಕೊಡವಬೇಡಿ, ಒದ್ದೆ ಮಾಡಿ ಎಸೆಯಿರಿ. ಮೂಗಿಗೆ ಸೆರಗು ಕಟ್ಟಿದರೆ ಸಾಲದು. ಗಾಯದ ನಾರನ್ನು ಕರಗಿಸುತ್ತೇವೆ ಎಂದು ಮಾರುವವರಿಂದ ಏನನ್ನೂ ಕೊಳ್ಳಬೇಡಿ.

ಅನುಮಾನ ಬಂದರೆ ಬರಲಿ, ಪ್ರಶ್ನೆ ಕೇಳಿ. ಆದರೆ ಆಸ್ಪತ್ರೆಯಲ್ಲಿ ಕೂತು ಕೇಳಿ, ಮತ್ತು ಈ ವಾರವೇ ಕೇಳಿ.